ಅಬ್ಬನ ಸನ್ಮಾನಕ್ಕೆ ಅಮೆರಿಕದವನ ಚರಿತ್ರೆ

ಅಲ್ ಕುಸೈಸ್, ದುಬೈ
೨೧ ನವೆಂಬರ್ ೨೦೨೫, ಶುಕ್ರವಾರ

ಘನವೆತ್ತ, ಪರಮಪಾವನ, ಭಾವೀ ಸಿಸ್ಟರ್ ಡಿಂಪಲ್ ಅವರ ಸನ್ನಿಧಾನಕ್ಕೆ,

ಈ ಕೆಳಗೆ ಸಹಿ ಮಾಡಿರುವ ಪಾಪಾತ್ಮಳಾದ ಶಹಲಾಳ ಅನಂತ ಸಲಾಂಗಳು. ನಿನಗಿಂತ ಮೊದಲು ಈ ಲಕೋಟೆ ಬಿಚ್ಚಿ ಓದುತ್ತಿರುವ ನಿಮ್ಮ ಕಾನ್ವೆಂಟಿನ ಹಿರಿಯ ಸಿಸ್ಟರ್ ಅವರಿಗೂ ಪ್ರತ್ಯೇಕ ಸಲಾಂ. ಸಿಸ್ಟರ್, ಇದರಲ್ಲಿ ಆಕ್ಷೇಪಾರ್ಹವಾದದ್ದೇನಾದರೂ ಇದ್ದರೆ ಅದು ನನ್ನ ಕೈಬರಹ ಮಾತ್ರ.

ಉತ್ತರ ತಡವಾಯಿತು, ಮಾರಾಯ್ತಿ. ಫೋನು ಮುಟ್ಟಬಾರದೆಂಬ ವ್ರತ ನಿನ್ನದು, ಪೆನ್ನು ಹಿಡಿಯುವ ಶಿಕ್ಷೆ ನನ್ನದು. ಮೊದಲ ತಿಂಗಳು ಬರೆಯದೆ ಇದ್ದದ್ದು ಶುದ್ಧ ಸೋಮಾರಿತನದಿಂದ. ಆಮೇಲಿನದಕ್ಕೆ ಕಾರಣ ಬೇರೆ; ಅದನ್ನು ಹೇಳಲೆಂದೇ ಕುಳಿತಿದ್ದೇನೆ. ನಿನ್ನ ಮಮ್ಮಿ ಸೋಮವಾರ ಊರಿಗೆ ಹೊರಟಿದ್ದಾರೆ. ಅವರ ಸೂಟ್‌ಕೇಸಿನಲ್ಲಿ ಹಾಲಿನಪುಡಿ ಡಬ್ಬಿಗೂ ಖರ್ಜೂರಕ್ಕೂ ನಡುವೆ ಈ ಪತ್ರಕ್ಕೆ ಜಾಗ ಸಿಕ್ಕಿದೆ. ನಿನ್ನ ಡ್ಯಾಡಿ ರುವೈಸ್‌ನಿಂದ ಕಳೆದ ವಾರ ಬಂದಿದ್ದರು, ಆರೋಗ್ಯವಾಗಿದ್ದಾರೆ. "ನನ್ನ ಮಗಳು ಬೆಳಿಗ್ಗೆ ನಾಲ್ಕೂವರೆಗೆ ಏಳ್ತಾಳಂತೆ, ನಂಬ್ತೀಯಾ?" ಎಂದು ಕೇಳಿದರು. ನಂಬಲಿಲ್ಲ ಎಂದೆ.

ಬಂಟ್ವಾಳದ ಶಾಲೆಯಲ್ಲಿ ನಾವಿಬ್ಬರು ಹೆಡ್‌ಮಿಸ್ಟ್ರೆಸ್ ಹೆಸರಿನಲ್ಲಿ 'ಮಂಗಳವಾರ ಎಲ್ಲರೂ ಮೌನ ಆಚರಿಸತಕ್ಕದ್ದು' ಎಂದು ನೋಟಿಸು ಅಂಟಿಸಿದ್ದು ನೆನಪಿದೆಯಾ? ಟೀಚರುಗಳೂ ಕೈಸನ್ನೆಯಲ್ಲಿ ಪಾಠ ಮಾಡಿದ ಆ ಐತಿಹಾಸಿಕ ಮಂಗಳವಾರ. ಅದಾದ ಮೇಲೆ ನಾನು ಮಾಡಿದ ಅತಿ ದೊಡ್ಡ ತಮಾಷೆಯ ವರದಿಯನ್ನು ಈಗ ಸಲ್ಲಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಯಾರೂ ನಗಲಿಲ್ಲ.

ಅಬ್ಬ ದುಬೈ ಬಿಟ್ಟು ಊರಿಗೆ ಹೊರಟಿದ್ದಾರೆ. ಸುಮ್ಮನೆ ಅಲ್ಲ, ರಾಜಕೀಯಕ್ಕೆ. ಅಂಗಡಿಗಳನ್ನು ಅಣ್ಣ ಇಮ್ತಿಯಾಜ್ ನೋಡಿಕೊಳ್ಳುತ್ತಾನೆ. ಜಿಲ್ಲಾ ಪಂಚಾಯತ್ ಚುನಾವಣೆಗೆ ಅಬ್ಬನ ಹೆಸರು ಓಡುತ್ತಿದೆ. ಟಿಕೆಟ್ ಇನ್ನೂ ಕೈಗೆ ಬಂದಿಲ್ಲವಾದರೂ ಬಿಳಿ ಅಂಗಿಗಳು ಹೊಲಿಸಿ ಬಂದಿವೆ. ಹಾಗಾಗಿ ಇಲ್ಲಿಯ ನಮ್ಮ ಊರಿನವರ ಸಂಘ ಒಂದು ಬೀಳ್ಕೊಡುಗೆ ಸನ್ಮಾನ ಇಟ್ಟಿತು. ನಾನು ಕೆಲಸ ಮಾಡುವ ಪ್ರಿಂಟಿಂಗ್ ಪ್ರೆಸ್ಸಿನಲ್ಲೇ ಸ್ಮರಣ ಸಂಚಿಕೆ. ಸಂಘದ ಸೆಕ್ರೆಟರಿ ನೌಶಾದ್ ಬಂದು, "ಶಹಲಾ, ನಿನ್ನ ಅಬ್ಬ ಹಾಜಾಕನ ಜೀವನಸಾಧನೆ ನೀನೇ ಬರಿ. ಎರಡು ಪೇಜು. ಸ್ವಲ್ಪ ಗಂಭೀರವಾಗಿರಲಿ, ಸ್ಟೇಜಲ್ಲಿ ನಾನೇ ಓದೋದು," ಎಂದ.

ಗಂಭೀರ. ನನಗೆ.

ಅಬ್ಬನನ್ನು ಕೇಳಿದೆ. ಅವರ ಜೀವನಚರಿತ್ರೆ ಅವರ ಬಾಯಲ್ಲಿ ಮೂರು ವಾಕ್ಯ: "ಬಂದೆ. ಅಂಗಡಿ ಇಟ್ಟೆ. ದೇವರು ಕೊಟ್ಟ." ದೇರಾ ಪೇಟೆಯಲ್ಲಿ ಒಂದು ಸಣ್ಣ ದಿನಸಿ ಅಂಗಡಿ, ಆಮೇಲೆ ಅಕ್ಕಿ ಮಸಾಲೆಯ ಸಗಟು ವ್ಯಾಪಾರ, ಆಮೇಲೆ ಊರಿನ ಹುಡುಗರು ಸಂಬಳ ಇಟ್ಟು ಹೋಗುವ, ಊರಿಗೆ ದುಡ್ಡು ಮುಟ್ಟಿಸುವ ಕೌಂಟರು, ಆಮೇಲೆ ಸಂಘದ ಅಧ್ಯಕ್ಷಗಿರಿ. ಇಷ್ಟು ಎಲ್ಲರಿಗೂ ಗೊತ್ತು. ನಡುವಿನದನ್ನು ಕೇಳಿದರೆ, "ಅದೆಲ್ಲ ಯಾಕೆ, ಬರಿ ಏನಾದ್ರೂ" ಎಂದು ಟಿವಿಯ ಕಡೆಗೆ ತಿರುಗಿದರು.

'ಏನಾದ್ರೂ' ಎಂಬ ಅಧಿಕೃತ ಪರವಾನಗಿ ಸಿಕ್ಕಿದ ಮೇಲೆ ಸೈತಾನನಿಗೆ ನನ್ನ ವಿಳಾಸ ಕೊಡಬೇಕಾಗಿಲ್ಲ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ: ವ್ಯಾಪಾರಿ, ಬ್ಯಾಂಕರು, ರಾಜಕಾರಣಿ. ಒಬ್ಬ ಸಿಕ್ಕಿದ. ಕೇಲಬ್ ವಿಂಥರ್ಬಿ ಅಂತ, ಅಮೆರಿಕ ಇನ್ನೂ ಮೊಳಕೆಯಾಗಿದ್ದ ಕಾಲದವನು. ಬಂದರಿನಲ್ಲಿ ಒಣಮೀನು ಮಾರಿ, ಹಡಗು ಕೊಂಡು, ನಾವಿಕರು ತನ್ನಲ್ಲಿ ಇಟ್ಟುಹೋದ ಸಂಬಳದಿಂದಲೇ ಬ್ಯಾಂಕು ಕಟ್ಟಿ, ಕೊನೆಗೆ ಶಾಸನಸಭೆಯಲ್ಲಿ ಕುಳಿತ ಮಹಾನುಭಾವ. ಚಿತ್ರದಲ್ಲಿ ಬಿಳಿ ಕೂದಲಿನ ಟೋಪನ್ ಹಾಕಿಕೊಂಡು ಯಾರಿಗೋ ಸಾಲ ಕೊಡಲು ಮನಸ್ಸಿಲ್ಲದವನಂತೆ ನೋಡುತ್ತಾನೆ. ಸಾಕ್ಷಾತ್ ಅಬ್ಬ.

ಡಿಂಪಲ್, ಅವನ ಜೀವನವನ್ನು ಅನಾಮತ್ತಾಗಿ ಎತ್ತಿ ಅಬ್ಬನಿಗೆ ಹೊದಿಸಿದೆ. ಅಟ್ಲಾಂಟಿಕ್ ತೆಗೆದು ಅರಬ್ಬಿ ಸಮುದ್ರ ಹಾಕಿದೆ. ಬಂದರು ತೆಗೆದು ದೇರಾ. ಶಾಸನಸಭೆ ತೆಗೆದು ಸಂಘ. ಒಣಮೀನನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಯೋಜನೆ ಇಷ್ಟೇ: ಸಭೆ ಚಪ್ಪಾಳೆ ತಟ್ಟುತ್ತದೆ, ಅಬ್ಬ ತಲೆದೂಗುತ್ತಾರೆ, ಸತ್ತು ಇನ್ನೂರು ವರ್ಷವಾದ ಒಬ್ಬ ಅಮೆರಿಕದವನಿಗೆ ಬ್ಯಾರಿಗಳಿಂದ ಸನ್ಮಾನವಾಗುತ್ತದೆ, ಅದನ್ನು ನಾನು ನಿನಗೆ ಬರೆದು ತಿಳಿಸುತ್ತೇನೆ, ನೀನು ಪ್ರಾರ್ಥನೆಯ ನಡುವೆ ನಕ್ಕು ಬೈಗುಳ ತಿನ್ನುತ್ತೀ.

ಆ ಅಮೆರಿಕದವನ ಕಥೆಯಲ್ಲಿ ಒಂದು ಪ್ಯಾರಾ ಇತ್ತು. ಅವನು ಬೇರೆ ದೇಶದ ಬಡ ಹುಡುಗರನ್ನು ತನ್ನ ಹಡಗಿನಲ್ಲಿ ಕರೆತಂದು, ಹಡಗಿನ ಖರ್ಚು ತೀರುವವರೆಗೆ ಕರಾರು ಮಾಡಿ ದುಡಿಸಿಕೊಳ್ಳುತ್ತಿದ್ದನಂತೆ. ಅದನ್ನು ಬಿಡಬಹುದಿತ್ತು. ಆದರೆ ವಾಕ್ಯ ಘನವಾಗಿತ್ತು, ನನಗೆ ಇಷ್ಟವಾಯಿತು. ಇಗೋ, ಹೀಗೆ ಬರೆದೆ: 'ಊರಿನ ಬಡ ಯುವಕರನ್ನು ತಮ್ಮ ಖರ್ಚಿನಲ್ಲೇ ಕಡಲು ದಾಟಿಸಿ ತಂದರು. ಆ ಯುವಕರು ಏಳು ವರ್ಷ ಅವರಲ್ಲೇ ದುಡಿದು, ದಾಟಿ ಬಂದ ಋಣ ತೀರಿಸಿ, ಆಮೇಲೆ ಸ್ವತಂತ್ರರಾದರು. ಅಲ್ಲಿಯವರೆಗೆ ಅವರ ಕಾಗದಪತ್ರಗಳು ಯಜಮಾನರ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು.' ಕೊನೆಗೆ ನಮ್ಮವರ ಪದ್ಧತಿಯ ಮಾತೊಂದನ್ನು ಸೇರಿಸಿದೆ. ನಿನಗೆ ಗೊತ್ತಲ್ಲ, ನಮ್ಮಲ್ಲಿ ಹಜ್ಜಿಗೆ ಹೊರಟವರು, ಗಲ್ಫ್ ಬಿಟ್ಟು ಹೊರಟವರು ಎಲ್ಲರ ಹತ್ತಿರ ಕ್ಷಮೆ ಕೇಳಿಕೊಂಡು ಹೋಗುತ್ತಾರೆ. 'ಈ ನೆಲ ಬಿಟ್ಟು ಹೊರಡುವ ಈ ಹೊತ್ತಿನಲ್ಲಿ, ನನ್ನಿಂದ ನೊಂದವರು ನನ್ನನ್ನು ಮನ್ನಿಸಬೇಕು.' ಎಲ್ಲರೂ ಹೇಳುವ ಮಾತು. ಕೇಳಿದವರೂ "ಅಯ್ಯೋ, ಎಂಥದ್ದು ಹಾಜಾಕ" ಎಂದು ಕೈಕುಲುಕಿ ಬಿರಿಯಾನಿಗೆ ಹೋಗುತ್ತಾರೆ.

ಕಮಿಟಿಯವರು ಸಂಚಿಕೆಯಲ್ಲಿ ತಮ್ಮತಮ್ಮ ಫೋಟೊ ಮಾತ್ರ ನೋಡಿದರು. ಅಬ್ಬ, "ಮಗಳು ಬರೆದದ್ದಲ್ವಾ" ಎಂದು ಓದದೆಯೇ ಓಕೆ ಮಾಡಿದರು.

ಸನ್ಮಾನ ಕಳೆದ ಶನಿವಾರದ ಹಿಂದಿನ ಶನಿವಾರ, ಇಲ್ಲೇ ಹತ್ತಿರದ ಒಂದು ಹೋಟೆಲಿನ ಹಾಲ್‌ನಲ್ಲಿ. ಅಬ್ಬ ಮೈಸೂರು ಪೇಟ, ಶಾಲು, ಗಂಧದ ಹಾರ ಧರಿಸಿ ವೇದಿಕೆಯ ಮೇಲೆ. ನಾನು ಉಮ್ಮನ ಪಕ್ಕದಲ್ಲಿ, ಹೆಂಗಸರ ಸಾಲಿನಲ್ಲಿ, ನಗು ತಡೆಯಲು ಕೆನ್ನೆಯ ಒಳಭಾಗ ಕಚ್ಚಿಕೊಂಡು. ನೌಶಾದ್ ಓದಿದ. ಅವನ ಸ್ವರ ನಿನಗೆ ಗೊತ್ತಿಲ್ಲ. ಮದುವೆಯ ಬಸ್ಸಿನ ಹಾರನ್ನಿಗೆ ಕನ್ನಡ ಕಲಿಸಿದ ಹಾಗೆ. ಒಣಮೀನಿಗೆ ಚಪ್ಪಾಳೆ. ಹಡಗಿಗೆ ಚಪ್ಪಾಳೆ. 'ಏಳು ವರ್ಷ' ಬಂತು. ಚಪ್ಪಾಳೆ ಬರಲಿಲ್ಲ. 'ಕಾಗದಪತ್ರಗಳು' ಬಂತು. ಹಿಂದಿನ ಸಾಲುಗಳಲ್ಲಿ, ವಯಸ್ಸಾದವರು ಕೂತ ಕಡೆ, ಕುರ್ಚಿ ಸರಿಸುವ ಸದ್ದೂ ನಿಂತಿತು. ನೌಶಾದ್‌ನಿಗೆ ಅದು ಭಕ್ತಿಯಂತೆ ಕಂಡಿರಬೇಕು, ಇನ್ನೂ ಜೋರಾಗಿ 'ನನ್ನಿಂದ ನೊಂದವರು ನನ್ನನ್ನು ಮನ್ನಿಸಬೇಕು' ಎಂದು ಮುಗಿಸಿದ.

ಹಿಂದಿನಿಂದ ಒಬ್ಬರು ಎದ್ದು ನಿಂತರು. ಶುಕೂರಾಕ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಇಸ್ತ್ರಿ ಅಂಗಡಿ ಇದೆಯಲ್ಲ, ಪ್ರತಿ ಪೆರ್ನಾಲ್ ಹಬ್ಬಕ್ಕೂ ನಮ್ಮ ಮನೆಗೆ ಬಂದು ನನ್ನ ಕೈಗೆ ಹತ್ತು ದಿರಹಂ ಇಡುತ್ತಾರಲ್ಲ, ನಾನು ದೊಡ್ಡವಳಾದ ಮೇಲೂ, ಅವರು.

"ಏಳಲ್ಲ ನೌಶಾದೇ," ಎಂದರು. "ನನಗೆ ಒಂಬತ್ತಾಯ್ತು."

ಒಬ್ಬಿಬ್ಬರು ನಕ್ಕರು. ಅವರೂ ನಕ್ಕರು. ಆಮೇಲೆ ಅಬ್ಬನ ಕಡೆ ತಿರುಗಿದರು.

"ಇರಲಿ. ಹಾಜಾಕ, ನೀವು ಬಾಯಿಬಿಟ್ಟು ಕೇಳಿದ್ರಲ್ಲ, ಅಷ್ಟು ಸಾಕು. ಉಮ್ಮ ತೀರಿಕೊಂಡಾಗ ಪಾಸ್‌ಪೋರ್ಟ್ ಕೇಳ್ಲಿಕ್ಕೆ ನಿಮ್ಮ ಬಾಗಿಲಿಗೆ ಬಂದಿದ್ದೆ. 'ನೀನು ಹೋದ್ರೆ ವಾಪಸು ಬರ್ತೀಯ ಅಂತ ಎಂತ ಗ್ಯಾರಂಟಿ ಉಂಟು' ಅಂದ್ರಿ. ಮಯ್ಯತ್‌ನ ಮುಖ ನೋಡ್ಲಿಕ್ಕೂ ಆಗಲಿಲ್ಲ. ಅದೊಂದು ನನಗೆ ಇಲ್ಲಿ ಸಿಕ್ಕಿಕೊಂಡಿತ್ತು." ಗಂಟಲು ಮುಟ್ಟಿ ತೋರಿಸಿದರು. "ಇವತ್ತು ಬಿಟ್ಟೆ. ನಾಳೆ ಅಲ್ಲಾಹನ ಮುಂದೆ ನಾನಿದನ್ನು ಎತ್ತುವುದಿಲ್ಲ. ಸಮಾಧಾನದಲ್ಲಿ ಹೋಗಿ ಬನ್ನಿ."

ಕೂತರು. ನಾನು ಕೆನ್ನೆ ಕಚ್ಚುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ.

ಇನ್ನೊಬ್ಬರು ಎದ್ದರು. ಅವರ ಹೆಸರೂ ನನಗೆ ತಿಳಿಯದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊರಗಿನಿಂದ ಬೀಗ ಹಾಕಿ ಮಲಗಿಸುತ್ತಿದ್ದ ಬಗ್ಗೆ ಹೇಳಿ, "ಅದನ್ನೂ ಬಿಟ್ಟಿದ್ದೇನೆ" ಎಂದರು. ಮತ್ತೊಬ್ಬರು ಎದ್ದು, ಎದೆಯ ಮೇಲೆ ಕೈ ಇಟ್ಟು ತಲೆಯಾಡಿಸಿ ಕೂತುಬಿಟ್ಟರು. ನಮ್ಮ ಸಾಲಿನಲ್ಲೇ ಆಚುಮ್ಮ ಎದ್ದರು. ಗಂಡ ತೀರಿಹೋಗಿ ಮಗನ ಮನೆಯಲ್ಲಿದ್ದಾರೆ. "ನನ್ನ ಮಕ್ಕಳ ಅಪ್ಪ ಇದ್ದಿದ್ರೆ ಅವರೇ ಹೇಳ್ತಿದ್ರು," ಎಂದರು. "ಮಗಳು ಹುಟ್ಟಿದಾಗ ರಜೆ ಕೇಳಿದ್ರಂತೆ. ಅವರು ಊರಿಗೆ ಬರುವಾಗ ಅವಳು ಶಾಲೆಗೆ ಹೋಗ್ತಿದ್ಲು, 'ಇವರು ಯಾರು ಉಮ್ಮ' ಅಂತ ನನ್ನ ಹಿಂದೆ ಅಡಗಿದ್ಲು. ಹಾಜಾಕನ ಮೇಲೆ ಎಂತದ್ದೂ ಇಟ್ಟುಕೊಳ್ಳಬೇಡ ಅಂತ ಸಾಯುವಾಗ ಅವರೇ ಹೇಳಿದ್ದು. ನಾನು ಇಟ್ಟುಕೊಂಡಿದ್ದೆ. ಇವತ್ತು ನಾನೂ ಬಿಟ್ಟೆ."

ಡಿಂಪಲ್, ಅವರು ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ಅಬ್ಬನ ಪರವಾಗಿ ಎದ್ದು ಜಗಳಕ್ಕೆ ನಿಲ್ಲುತ್ತಿದ್ದೆ. ಜಗಳ ನನಗೆ ಬರುತ್ತದೆ. ಅವರು ಒಬ್ಬೊಬ್ಬರಾಗಿ ಎದ್ದು ಕ್ಷಮಿಸುತ್ತಿದ್ದರು. ನನ್ನ ಅಬ್ಬ ಏನೇನು ಮಾಡಿದ್ದರು ಎಂಬುದು ಒಂದೊಂದು ಕ್ಷಮೆಯೊಂದಿಗೆ ನನಗೆ ಮೊದಲ ಬಾರಿಗೆ ತಿಳಿಯುತ್ತಿತ್ತು. ಅಬ್ಬನ ಮುಖದಲ್ಲಿ ಫೋಟೊಗ್ರಾಫರ್‌ಗೆಂದು ತಂದುಕೊಂಡ ನಗು ಹಾಗೇ ಉಳಿದಿತ್ತು. ಪೇಟ ಸ್ವಲ್ಪ ಓರೆಯಾಗಿತ್ತು, ಅದನ್ನು ಸರಿಮಾಡಿಕೊಳ್ಳಲಿಲ್ಲ.

ನಾನು ಉಮ್ಮನ ಕೈ ಹಿಡಿದೆ. ಮುಖ ನೋಡಿದೆ. ನನಗೆ ಆದ ಗಾಬರಿ ಅಲ್ಲಿರಲಿಲ್ಲ. ನೆಲ ನೋಡುತ್ತಾ ಕೂತಿದ್ದರು. ಉಮ್ಮನಿಗೆ ಎಲ್ಲ ಗೊತ್ತಿತ್ತು.

ಮನೆಗೆ ಬಂದು ಹಾರ ಸೋಫಾದ ಮೇಲೆ ಎಸೆದು ಅಬ್ಬ ಉಮ್ಮನ ಕಡೆ ತಿರುಗಿದರು.

"ಇಷ್ಟು ವರ್ಷ ನೀನು ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಮಗಳ ಕೈಲಿ ಬರೆಸಿದೆಯಾ ಮೆಹರು?"

ಉಮ್ಮ 'ಇಲ್ಲ' ಎನ್ನಬಹುದಿತ್ತು. ಅನ್ನಲಿಲ್ಲ. ಹಾರವನ್ನು ಎತ್ತಿ ಮೊಳೆಗೆ ಸಿಕ್ಕಿಸಿ ಒಳಗೆ ಹೋದರು. ಅಂದಿನಿಂದ ಅಬ್ಬ ಅವರ ಜೊತೆ ಮಾತು ಬಿಟ್ಟರು. ಚಹಾ ಬೇಕಾದರೆ ನನಗೆ ಹೇಳುವುದು. ನಾನು ಉಮ್ಮನಿಗೆ ಹೇಳುವುದು. ನಮ್ಮ ಆ ಮೌನದ ಮಂಗಳವಾರ ನಮ್ಮ ಮನೆಗೇ ಬಂದು ಝಂಡಾ ಊರಿತ್ತು, ಮತ್ತು ಈ ಸಲದ ನೋಟಿಸೂ ನನ್ನದೇ.

ಮಾಡದ ತಪ್ಪನ್ನು ಉಮ್ಮ ಹೊರುವುದನ್ನು ನೋಡಲಾರದೆ ಮೊನ್ನೆ ಭಾನುವಾರ ನಾನು ಅಬ್ಬನ ಮುಂದೆ ಕುಳಿತು ಎಲ್ಲ ಒಪ್ಪಿಕೊಂಡೆ. ಲ್ಯಾಪ್‌ಟಾಪ್ ತೆರೆದು ವಿಂಥರ್ಬಿಯನ್ನು ತೋರಿಸಿದೆ. "ಇವನ ಕಥೆ ಅಬ್ಬಾ. ಹೆಸರು ಊರು ಬದಲಿಸಿದ್ದು ನಾನು. ಉಮ್ಮನಿಗೆ ಏನೂ ಗೊತ್ತಿಲ್ಲ. ತಮಾಷೆಗೆ ಮಾಡಿದ್ದು."

ಹೊಡೆಯುತ್ತಾರೆ ಅಂದುಕೊಂಡಿದ್ದೆ, ಇದುವರೆಗೆ ಹೊಡೆದಿಲ್ಲ, ಆದರೂ. ಅಬ್ಬ ಕನ್ನಡಕ ಹಾಕಿಕೊಂಡು ಚಿತ್ರ ನೋಡಿದರು. ಇಂಗ್ಲಿಷನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಓದುತ್ತಾ ಓದುತ್ತಾ ಅವರ ಹೆಗಲು ಇಳಿಯಿತು. ಆಮೇಲೆ ನಕ್ಕರು. ಎಷ್ಟೋ ದಿನಗಳ ನಂತರದ ನಗು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮೆರಿಕದವನಾ," ಎಂದರು. "ಇಮ್ತಿಯಾಜೇ, ಬಾ ಇಲ್ಲಿ. ನೋಡು ನಿನ್ನ ತಂಗಿ ಮಾಡಿದ ಕೆಲಸ. ನೌಶಾದ್‌ಗೆ ಫೋನ್ ಹಾಕು. ನನ್ನ ಕಥೆಯಲ್ಲ ಅದು, ಯಾರೋ ಅಮೆರಿಕದವನದ್ದು. ಹುಡುಗಿ ತಪ್ಪಿ ಹಾಕಿದ್ದಾಳೆ ಅಂತ ಒಂದು ತಿದ್ದುಪಡಿ ಪ್ರಿಂಟ್ ಮಾಡಿಸಿ ಸಂಚಿಕೆಗೆ ಅಂಟಿಸ್ಲಿ. ಸಂಘದ ವಾಟ್ಸಾಪ್ ಗ್ರೂಪಲ್ಲೂ ಹಾಕ್ಲಿ. ಖಲಾಸ್."

ಇದು ನನಗೆ ಹೊಳೆದಿರಲೇ ಇಲ್ಲ, ಡಿಂಪಲ್. ನಾನು ಕೊಟ್ಟದ್ದು ಉಮ್ಮನ ಬಿಡುಗಡೆ ಎಂದುಕೊಂಡಿದ್ದೆ.

"ಅಬ್ಬಾ," ಎಂದೆ, "ಶುಕೂರಾಕ ಹೇಳಿದ್ದು ಅಮೆರಿಕದವನ ಬಗ್ಗೆ ಅಲ್ವಲ್ಲ."

"ಆಗ ಎಲ್ಲರೂ ಹಾಗೇ ಮಾಡ್ತಿದ್ದದ್ದು ಮಗಳೇ. ವೀಸಾಕ್ಕೆ ನಾನು ದುಡ್ಡು ಹಾಕಿ ತರೋದು, ನಾಳೆ ಬೇರೆ ಅಂಗಡಿಗೆ ಓಡಿದ್ರೆ? ನಾನು ತರದಿದ್ರೆ ಅವರು ಊರಲ್ಲಿ ಬೀಡಿ ಕಟ್ಟಿಕೊಂಡು ಇರ್ತಿದ್ರು. ಇವತ್ತು ಶುಕೂರಿಗೆ ಸ್ವಂತ ಅಂಗಡಿ ಉಂಟು. ಯಾರಿಂದ?"

"ಅವರ ಉಮ್ಮ..."

"ಬಿಡು ಅದನ್ನ."

"ಅವರಾಗಿ ಕ್ಷಮಿಸಿದ್ದಾರಲ್ಲ ಅಬ್ಬಾ. ನೀವು ಏನೂ ಹೇಳುವುದು ಬೇಡ. ಸುಮ್ಮನೆ ಇದ್ದುಬಿಡಿ."

"ನಿನಗೆ ಗೊತ್ತಾಗುವುದಿಲ್ಲ," ಎಂದರು ಅಬ್ಬ, ಈಗ ನಗದೆ. "ಕ್ಷಮೆ ತೆಗೆದುಕೊಂಡರೆ ತಪ್ಪು ಒಪ್ಪಿದ ಹಾಗೆ. ಸನ್ಮಾನದ ವೀಡಿಯೊ ಊರಿಗೆ ಹೋಗಿದೆ. ಟಿಕೆಟ್ ಕೊಡುವವರು ಅದನ್ನೇ ನೋಡುವುದು."

ಅಡುಗೆಮನೆಯ ಬಾಗಿಲಿಗೆ ಉಮ್ಮ ಬಂದು ನಿಂತಿದ್ದರು. ಕೈಯಲ್ಲಿ ಅಕ್ಕಿರೊಟ್ಟಿಯ ಹಿಟ್ಟು. "ತೆಗೆದುಕೊಳ್ಳಿ," ಎಂದರು. ಅಷ್ಟು ದಿನದಲ್ಲಿ ಅವರು ನೇರವಾಗಿ ಅಬ್ಬನಿಗೆ ಹೇಳಿದ ಮೊದಲ ಮಾತು. "ಕೇಳದೆ ಸಿಕ್ಕಿದೆ. ಇನ್ನು ಕೇಳಿದರೂ ಸಿಗುತ್ತದೋ ಇಲ್ಲವೋ. ಟಿಕೆಟ್ ಇನ್ನೊಂದು ವರ್ಷ ಬರಬಹುದು."

ಅಬ್ಬ ಫೋನ್ ಕಿವಿಗೆ ಹಿಡಿದಾಗಿತ್ತು. "ನೌಶಾದೇ," ಎನ್ನುತ್ತಾ ಬಾಲ್ಕನಿಗೆ ಹೋದರು.

ತಿದ್ದುಪಡಿಯನ್ನು ಅಚ್ಚು ಹಾಕಿದ್ದು ಯಾರು ಎಂದು ಬೇರೆ ಹೇಳಬೇಕೆ? ನಮ್ಮ ಪ್ರೆಸ್ಸು, ನನ್ನ ಕಂಪ್ಯೂಟರು. 'ಸಂಪಾದಕೀಯ ಕಣ್ತಪ್ಪಿನಿಂದ ಅನ್ಯರ ಜೀವನಚರಿತ್ರೆ ಪ್ರಕಟವಾಗಿದ್ದು, ಅದರಲ್ಲಿನ ಯಾವುದೇ ಅಂಶ ಸನ್ಮಾನಿತರಿಗೆ ಸಂಬಂಧಿಸಿರುವುದಿಲ್ಲ. ತಪ್ಪಿಗಾಗಿ ವಿಷಾದಿಸುತ್ತೇನೆ. ಶಹಲಾ.' ವಾಕ್ಯ ಇಮ್ತಿಯಾಜ್‌ನದು, ಸಹಿ ನನ್ನದು. ಎಷ್ಟು ಗಂಭೀರವಾಗಿದೆ ನೋಡು. ಇಂಥ ಭಾಷೆಯಲ್ಲಿ ನಾವಿಬ್ಬರು ಎಷ್ಟು ನೋಟಿಸು ಬರೆದಿಲ್ಲ. ಯಾವುದನ್ನೂ ಯಾರೂ ಇಷ್ಟು ಬೇಗ ನಂಬಿರಲಿಲ್ಲ.

ಗ್ರೂಪಿನಲ್ಲಿ ಈಗ ಎಲ್ಲ ತಿಳಿಯಾಗಿದೆ. 'ಹಾಜಾಕನ ಮಗಳ ಕಿತಾಪತಿ' ಎಂದು ನಗುವ ಗೊಂಬೆಗಳು ಸಾಲುಗಟ್ಟಿ ಬಂದವು. ನಾನು ಅಲ್ ಕುಸೈಸಿನಲ್ಲಿ ಪ್ರಖ್ಯಾತಳಾಗಿದ್ದೇನೆ. ಅಬ್ಬ ಉಮ್ಮನ ಜೊತೆ ಮಾತಾಡುತ್ತಿದ್ದಾರೆ. ಉಮ್ಮ ಉತ್ತರಿಸುತ್ತಾರೆ, ಕೇಳಿದ್ದಕ್ಕೆ ಮಾತ್ರ. ಅಬ್ಬ ಡಿಸೆಂಬರ್ ಮೊದಲ ವಾರ ಹೊರಡುತ್ತಾರೆ. ಉಮ್ಮ ಇಲ್ಲೇ ನನ್ನ ಜೊತೆ ಇರುತ್ತೇನೆ ಎಂದಿದ್ದಾರೆ. ಕಾರಣ ಮಂಡಿನೋವು ಅಂತೆ.

ಸಾಕು, ನಿನ್ನ ಹಿರಿಯ ಸಿಸ್ಟರ್‌ಗೆ ಊಟದ ಗಂಟೆಯಾಗಿರಬಹುದು. ನೀನು ಚೆನ್ನಾಗಿ ಊಟ ಮಾಡು, ಪ್ರಾರ್ಥನೆಯಲ್ಲಿ ತೂಕಡಿಸಬೇಡ. ನಿನ್ನ ವ್ರತಗಳು ನಿನಗೆ ಹಗುರವಾಗಿರಲಿ, ನಿನ್ನ ಬಾಯಿಯ ನಗು ಯಾವ ಗೌನಿಗೂ ಹೆದರದಿರಲಿ, ನಮ್ಮೆಲ್ಲರನ್ನು ಪಡೆದವನು ನಿನ್ನ ಮೇಲೆ ಒಂದು ಕಣ್ಣು ಇಟ್ಟಿರಲಿ; ಇನ್ನೊಂದು ಕಣ್ಣು ನಮ್ಮ ಮನೆಯ ಮೇಲೆ ಬೇಕು.

ಇಂತಿ,
ಮಾಜಿ ನೋಟಿಸು ಬರಹಗಾರ್ತಿ,
ನಿನ್ನ ಶಹಲಾ

ಮರೆತ ಮಾತು: ಮರೆತಿರಲಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಸಿಸ್ಟರ್, ದಯವಿಟ್ಟು ಇದೊಂದನ್ನು ನೀವು ಓದಬೇಡಿ.

ನಿನ್ನೆ ಸಂಜೆ ಶುಕೂರಾಕ ಫೋನ್ ಮಾಡಿದ್ದರು. ಗ್ರೂಪಿನಲ್ಲಿ ಬಂದದ್ದನ್ನು ಅಂಗಡಿಯ ಹುಡುಗನೊಬ್ಬ ಓದಿ ಹೇಳಿದನಂತೆ. "ಹೌದಾ ಮಗಳೇ, ಅದು ಹಾಜಾಕ ಕೇಳಿದ್ದು ಅಲ್ವಾ?" ಎಂದರು. ಅಲ್ಲ, ನಾನು ಬರೆದದ್ದು ಎಂದೆ. ಆ ಮನುಷ್ಯ ಬದುಕಿದ್ದಾನಾ ಎಂದು ಕೇಳಿದರು. ಸತ್ತು ಇನ್ನೂರು ವರ್ಷ ಎಂದೆ. ಆಮೇಲೆ ಅವರು ಬಹಳ ಸಂಕೋಚದಿಂದ, ನನ್ನ ಹತ್ತಿರ ಏನೋ ಕೈಸಾಲ ಕೇಳುವವರ ಹಾಗೆ, ಕೇಳಿದರು: "ಹಾಗಾದ್ರೆ ನಾನು ಹಾಜಾಕನಿಗೆ ಬಿಟ್ಟುಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಬಹುದಾ ಮಗಳೇ? ಅವರಿಗೆ ಬೇಡದ್ದನ್ನು ಅವರ ಹತ್ತಿರ ಇಡುವುದು ಸರಿಯಲ್ಲ ಅಲ್ವಾ? ನೀನು ಅವರ ಮಗಳು, ನೀನು ಹೇಳಿದ ಹಾಗೆ ಮಾಡ್ತೇನೆ."

ಅಬ್ಬ ಪಕ್ಕದ ಕೋಣೆಯಲ್ಲಿ ಭಾಷಣ ಅಭ್ಯಾಸ ಮಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ಪ್ರತಿ ಪೆರ್ನಾಲಿಗೂ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಮಾಜಿಗೆ ಹೋಗುತ್ತಿದ್ದವರು, ಜ್ವರ ಬಂದರೆ ರಾತ್ರಿಯಿಡೀ ಕೂತಿರುತ್ತಿದ್ದವರು. ಅವರಿಗೆ ನಾಳೆ ಅಲ್ಲಾಹನ ಮುಂದೆ ಬೇಕಾಗುವುದು ಈ ಒಂದೇ ಮಾತು ಎಂದು ನನಗೆ ಗೊತ್ತಿತ್ತು. 'ಬೇಡ ಶುಕೂರಾಕ, ಇರಲಿ ಬಿಡಿ' ಎಂದಿದ್ದರೆ ಇಟ್ಟುಬಿಡುತ್ತಿದ್ದರು.

ತೆಗೆದುಕೊಳ್ಳಿ ಎಂದೆ.

"ಆಗಲಿ," ಎಂದರು. ಊಟ ಆಯ್ತಾ ಎಂದು ಕೇಳಿ ಫೋನ್ ಇಟ್ಟರು.